ಕೋಳಿಯ ಕಾಲಡಿಯ ಹೊಟ್ಟು

ಮರಿ ಕಂಪನಿಯದು. ಫೀಡ್ ಕಂಪನಿಯದು. ಲಸಿಕೆ, ಔಷಧ, ಕೊನೆಗೆ ಕೋಳಿ ತುಂಬಿಕೊಂಡು ಹೋಗುವ ಲಾರಿ ಕೂಡ ಕಂಪನಿಯದೇ. ಗುತ್ತಿಗೆಗೆ ಬ್ರಾಯ್ಲರ್ ಸಾಕುವ ರೈತನ ಪಾಲಿಗೆ ಉಳಿಯುವುದು ಶೆಡ್ಡು, ಕರೆಂಟು ಬಿಲ್ಲು, ಮನೆಮಂದಿಯ ದುಡಿಮೆ ಮತ್ತು ನೆಲಕ್ಕೆ ಹಾಸುವ ಭತ್ತದ ಹೊಟ್ಟು. ಬ್ಯಾಚು ಮುಗಿದಾಗ ಅದೇ ಹೊಟ್ಟು ಗೊಬ್ಬರವಾಗಿ ಅವನ ಕೈಗೇ ಮರಳುತ್ತದೆ. ಇಡೀ ವ್ಯವಹಾರದಲ್ಲಿ ಮೊದಲಿಂದ ಕೊನೆಯವರೆಗೆ ರೈತನದಾಗಿಯೇ ಉಳಿಯುವ ಸರಕು ಇದೊಂದೇ. ಮಳೆಗಾಲದಲ್ಲಿ ಮೊದಲು ಕೆಡುವುದೂ ಇದೇ.

ಕೋಳಿ ಸಾಕಣೆಯ ಮಾತು ಬಂದಾಗ ಜನ ತಳಿ ಕೇಳುತ್ತಾರೆ, ಫೀಡ್ ರೇಟು ಕೇಳುತ್ತಾರೆ, ರೋಗಕ್ಕೆ ಯಾವ ಔಷಧ ಎಂದು ಕೇಳುತ್ತಾರೆ. ನೆಲಕ್ಕೆ ಏನು ಹಾಸಿದ್ದೀರಿ, ಅದನ್ನು ಎಷ್ಟು ದಿನಕ್ಕೊಮ್ಮೆ ತಿರುವುತ್ತೀರಿ ಎಂದು ಕೇಳುವವರು ಕಡಿಮೆ. ಆದರೆ ಮರಿ ಶೆಡ್ಡಿಗೆ ಇಳಿದ ಗಳಿಗೆಯಿಂದ ಲಾರಿ ಹತ್ತುವವರೆಗೆ ಮಲಗುವುದು, ಓಡಾಡುವುದು, ಕೆದಕುವುದು, ಹಿಕ್ಕೆ ಹಾಕುವುದು ಎಲ್ಲವೂ ಆ ಎರಡಿಂಚಿನ ಹಾಸಿನ ಮೇಲೆಯೇ.

ಒಣಸೀಮೆಯ ಒದ್ದೆ ದಿನಗಳು

ನಂಜನಗೂಡಿನಿಂದ ಚಾಮರಾಜನಗರದವರೆಗಿನ ಸೀಮೆಯ ಕೋಳಿಮನೆಗಳನ್ನೇ ನೋಡೋಣ. ಮಳೆಯ ಲೆಕ್ಕದಲ್ಲಿ ಇದು ಬಯಲುಸೀಮೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿದರೆ ಮೈಸೂರಿನ ಸರಾಸರಿ 800ರ ಆಸುಪಾಸು.

ಹಾಗೆಂದು ಇಲ್ಲಿನ ಕೋಳಿಮನೆಗೆ ಒದ್ದೆಯ ಕಾಟ ಇಲ್ಲವೆನ್ನುವಂತಿಲ್ಲ. ಮಲೆನಾಡಿನವರು ಮಳೆಗೆಂದೇ ಸೂರು ಇಳಿಸಿ ಕಟ್ಟುತ್ತಾರೆ. ಬಯಲುಸೀಮೆಯವರು ಬಿಸಿಲಿಗೆಂದು ಶೆಡ್ಡು ತೆರೆದಿಡುತ್ತಾರೆ. ಮೈಸೂರು ಸೀಮೆಯ ಮಳೆ ಎರಡು ಕಂತಿನದು. ಮೇ ತಿಂಗಳ ಸಂಜೆ ಗುಡುಗು ಸಹಿತ ಸುರಿಯುವುದು ಒಂದು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಜಡಿಯುವುದು ಇನ್ನೊಂದು. ಎರಡರಲ್ಲೂ ಗಾಳಿ ಜೋರು, ಎರಚಲು ಹೆಚ್ಚು. ತೆರೆದ ಶೆಡ್ಡಿನ ಒಂದು ಬದಿಯ ನಾಲ್ಕಡಿ ಹೊಟ್ಟು ಅರ್ಧ ಗಂಟೆಯಲ್ಲಿ ನೆನೆದುಹೋಗುತ್ತದೆ.

ಮೂರನೆಯದು ಇಲ್ಲಿ ಸುರಿಯದ ಮಳೆ. ವಯನಾಡಿನಲ್ಲಿ ಮುಂಗಾರು ಬಿರುಸಾದರೆ ಬೀಚನಹಳ್ಳಿಯ ಕಬಿನಿ ಜಲಾಶಯ ತುಂಬಿ, ನೀರು ಹೊರಬಿಟ್ಟ ಮರುದಿನ ನಂಜನಗೂಡಿನ ಸ್ನಾನಘಟ್ಟ ಮುಳುಗುತ್ತದೆ. 2018ರಲ್ಲೂ 2019ರಲ್ಲೂ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ಹೆದ್ದಾರಿಯೇ ನೀರಿನಡಿ ಹೋಗಿ ಸಂಚಾರ ನಿಂತಿತ್ತು. ಮುಂದೆ ಕಪಿಲೆ, ಅಂದರೆ ಇದೇ ಕಬಿನಿ, ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರದಲ್ಲೂ ಅದೇ ಪಾಡು. ಹೊಳೆದಂಡೆಯ ಊರುಗಳಲ್ಲಿ ನೀರು ಮನೆಯೊಳಗೆ ಬರದಿದ್ದರೂ ನೆಲ ಒದ್ದೆಯಾಗುತ್ತದೆ. ನಾಲೆ ಬಯಲಿನಲ್ಲಿ ಭತ್ತದ ಗದ್ದೆಗೆ ನೀರು ಕಟ್ಟಿದ ಮೇಲೆ ಪಕ್ಕದ ತಗ್ಗಿನ ಶೆಡ್ಡುಗಳ ಮಣ್ಣುನೆಲವೂ ಕೆಳಗಿನಿಂದ ಜಿನುಗುತ್ತದೆ.

ಸೂರು ಸೋರದಿದ್ದರೂ ನೀರು

ಹಾಸು ಒದ್ದೆಯಾದರೆ ಎಲ್ಲರೂ ಮಳೆಯನ್ನು ದೂರುತ್ತಾರೆ. ಲೆಕ್ಕ ಹಾಕಿ ನೋಡಿದರೆ ಮಳೆಗಿಂತ ದೊಡ್ಡ ಹೊಣೆ ಕೋಳಿಯದೇ. ಕೋಳಿ ತಿಂದ ಆಹಾರದ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ಆರು ವಾರದೊಳಗೆ ಮಾರಾಟಕ್ಕೆ ಬರುವ ಬ್ರಾಯ್ಲರ್ ಮೂರು ಕಿಲೋ ಚಿಲ್ಲರೆ ಫೀಡ್ ತಿನ್ನುತ್ತದೆ ಎಂದಿಟ್ಟುಕೊಂಡರೆ ಆರು ಲೀಟರಿಗೂ ಹೆಚ್ಚು ನೀರು ಕುಡಿದಿರುತ್ತದೆ. ಸಾವಿರ ಕೋಳಿಗೆ ಆರು ಸಾವಿರ ಲೀಟರು, ಅಂದರೆ ಒಂದು ಟ್ಯಾಂಕರ್ ತುಂಬ. ಎರಡು ಕಿಲೋ ತೂಗುವ ಕೋಳಿಯ ಮೈಯಲ್ಲಿ ಉಳಿಯುವುದು ಒಂದೂವರೆ ಲೀಟರಿನಷ್ಟೂ ಇಲ್ಲ. ಮಿಕ್ಕಿದ್ದು ಉಸಿರಿನಲ್ಲಿ ಗಾಳಿಗೆ, ಹಿಕ್ಕೆಯಲ್ಲಿ ಹೊಟ್ಟಿಗೆ. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ.

ಒಂದು ಹನಿ ಮಳೆ ಬೀಳದಿದ್ದರೂ ಆ ನೀರನ್ನೆಲ್ಲ ಹೊಟ್ಟು ಹೀರಿಕೊಂಡು ಗಾಳಿಗೆ ಬಿಟ್ಟುಕೊಡಬೇಕು. ಬೇಸಿಗೆಯಲ್ಲಿ ಈ ಕೆಲಸ ತಾನಾಗಿ ನಡೆಯುತ್ತದೆ. ಮಳೆಗಾಲದ ಗಾಳಿ ಮೊದಲೇ ತೇವ ತುಂಬಿಕೊಂಡಿರುವುದರಿಂದ ಹೊಸದಾಗಿ ಹೊರುವ ಶಕ್ತಿ ಅದಕ್ಕಿರುವುದಿಲ್ಲ. ಮೇಲಿನಿಂದ ಬೀಳುವ ನೀರಿಗಿಂತ ಹೊರಹೋಗಲಾರದ ನೀರೇ ಆಗ ಹೆಚ್ಚು ಕಾಡುತ್ತದೆ.

ಇಲ್ಲೇ ಹೆಚ್ಚಿನವರು ಎಡವುವುದು. ಮೋಡ ಕವಿದು ಚಳಿಗಾಳಿ ಬೀಸಿದೊಡನೆ ಮರಿಗೆ ಥಂಡಿಯಾದೀತೆಂದು ಸೈಡ್ ಪರದೆಗಳನ್ನು ಮೇಲಿನವರೆಗೆ ಬಿಗಿದು ಕಟ್ಟುತ್ತಾರೆ. ಮಳೆ ಒಳಬರುವುದಿಲ್ಲ, ನಿಜ. ಆದರೆ ಒಳಗಿನ ಆವಿಯೂ ಹೊರಹೋಗುವುದಿಲ್ಲ. ಬೆಳಗಾಗುವಷ್ಟರಲ್ಲಿ ಶೀಟಿನ ಒಳಮೈಯಲ್ಲಿ ಹನಿಗಟ್ಟಿ ಅದೇ ನೀರು ಹೊಟ್ಟಿನ ಮೇಲೆ ತೊಟ್ಟಿಕ್ಕುತ್ತದೆ. ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಕಟ್ಟುವಂತೆ ಮಾಡಿ, ಸೂರಿನಡಿ ಒಂದಡಿ ತೆರಪು ಸದಾ ಬಿಡಬೇಕೆಂದು ತಜ್ಞರು ಹೇಳುವುದು ಇದಕ್ಕೇ. ಗಾಳಿಯ ಉಷ್ಣತೆ 10 ಡಿಗ್ರಿ ಏರಿದರೆ ಅದು ಹೊರಬಲ್ಲ ತೇವ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದ್ದರಿಂದ ಬ್ರೂಡರ್ ಕಾವು ಕೊಟ್ಟು ಗಾಳಿ ಆಡಲು ಬಿಟ್ಟರೆ ಹಾಸು ಒಣಗುತ್ತದೆ. ಕಾವು ಕೊಟ್ಟು ಪರದೆ ಮುಚ್ಚಿದರೆ ಶೆಡ್ಡಿನೊಳಗೆ ಸೆಕೆ ಮಾತ್ರ ಉಳಿಯುತ್ತದೆ.

ಘಾಟು, ಗಾಯ, ರಕ್ತಭೇದಿ

ಹಾಸಿನಲ್ಲಿ ನೂರಕ್ಕೆ 20ರಿಂದ 25ರಷ್ಟು ತೇವ ಇದ್ದರೆ ಸರಿ. 30 ದಾಟಿದರೆ ಹೊಟ್ಟು ಹಿಕ್ಕೆಯೊಡನೆ ಕಲೆತು ಹೆಪ್ಪುಗಟ್ಟಲು ಶುರುವಾಗುತ್ತದೆ. ನೀರಿನ ಪೈಪಿನ ಸಾಲಿನಡಿ ಮೊದಲು ಕರೀ ಪಟ್ಟಿ ಮೂಡುತ್ತದೆ, ಆಮೇಲೆ ಅದು ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತದೆ. ಮೇಲೆ ಒಣಗಿದಂತೆ ಕಂಡರೂ ಸಲಿಕೆಯಲ್ಲಿ ಎಬ್ಬಿಸಿದರೆ ಅಡಿ ಅಂಟಂಟು.

ತೇವ ಅಳೆಯಲು ಯಂತ್ರ ಬೇಡ. ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಬಿಗಿಯಾಗಿ ಅಮುಕಿ ಬಿಡಬೇಕು. ಉಂಡೆಯಾಗಿ ಹಾಗೇ ನಿಂತರೆ ತೇವ ಹೆಚ್ಚಾಗಿದೆ. ಕೊಂಚ ಅಂಟಿದಂತಾಗಿ ಬೆರಳು ಬಿಡಿಸುತ್ತಲೇ ಉದುರಿದರೆ ಹದವಾಗಿದೆ. ಏನೂ ಅಂಟದೆ ದೂಳು ಹಾರಿದರೆ ಅತಿಯಾಗಿ ಒಣಗಿದೆ, ಮರಿಗಳಿಗೆ ಉಸಿರಿನ ತೊಂದರೆ. ಶೆಡ್ಡಿನ ನಡುವೆ, ನೀರಿನ ಸಾಲಿನಡಿ, ಗೋಡೆ ಬದಿ, ಹೀಗೆ ನಾಲ್ಕೈದು ಕಡೆ ಇದನ್ನು ಮಾಡಿ ನೋಡಬೇಕು.

ಒದ್ದೆ ಹಾಸಿನ ಮೊದಲ ಸುಳಿವು ಮೂಗಿಗೆ ಸಿಗುತ್ತದೆ. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹೊರಡುತ್ತದೆ. ತೇವ ಮತ್ತು ಕಾವು ಸೇರಿದರೆ ಈ ಕೆಲಸ ಚುರುಕಾಗುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಮೋನಿಯಾ 25 ಪಾಲು ದಾಟಬಾರದೆಂಬುದು ಕೋಳಿ ಸಾಕಣೆಯಲ್ಲಿ ಸಾಮಾನ್ಯವಾಗಿ ಒಪ್ಪಿದ ಮಿತಿ. ಮೀರಿದರೆ ಶ್ವಾಸನಾಳದ ಒಳಪದರ ಹಾಳಾಗಿ ರೋಗಾಣುವಿಗೆ ದಾರಿಯಾಗುತ್ತದೆ, ಕಣ್ಣು ಕೆಂಪಾಗುತ್ತದೆ, ಮೇವು ಕಡಿಮೆಯಾಗುತ್ತದೆ. ತೊಂದರೆ ಏನೆಂದರೆ ದಿನವಿಡೀ ಶೆಡ್ಡಿನಲ್ಲಿ ಓಡಾಡುವವರ ಮೂಗು ಘಾಟಿಗೆ ಒಗ್ಗಿಹೋಗಿರುತ್ತದೆ. ನಿಂತವರ ಮೂಗಿಗೆ ಬಾರದ ಘಾಟು ಕೋಳಿಯ ಎತ್ತರದಲ್ಲಿ ದಟ್ಟವಾಗಿರುತ್ತದೆ. ಬೆಳಗಿನ ಜಾವ ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಕುಕ್ಕರಗಾಲಿನಲ್ಲಿ ಕೂತು ಉಸಿರೆಳೆದುಕೊಂಡರೆ ಕೋಳಿ ರಾತ್ರಿಯಿಡೀ ಕುಡಿದ ಗಾಳಿ ಎಂಥದೆಂದು ತಿಳಿಯುತ್ತದೆ.

ಎರಡನೆಯ ಸುಳಿವು ಕೋಳಿಯ ಪಾದದಲ್ಲಿ. ಸದಾ ಹಸಿಯ ಮೇಲೆ ನಿಂತ ಅಂಗಾಲು ಮೆತ್ತಗಾಗಿ, ಕಪ್ಪಗೆ ಕಜ್ಜಿಗಟ್ಟಿ ಹುಣ್ಣಾಗುತ್ತದೆ. ನೋವಿನ ಕೋಳಿ ಎದ್ದು ಮೇವಿನ ಬಟ್ಟಲಿಗೆ ಹೋಗುವುದಿಲ್ಲ. ಕೂತಲ್ಲೇ ಕೂತು ಎದೆಯ ಚರ್ಮವೂ ಕೆಡುತ್ತದೆ. ತಿಂದ ಫೀಡಿಗೆ ಎಷ್ಟು ತೂಕ ಬಂತು ಎಂಬ ಎಫ್‌ಸಿಆರ್ ಲೆಕ್ಕದ ಮೇಲೆಯೇ ರೈತನ ಸಾಕಣೆ ಕೂಲಿ ನಿಂತಿರುವುದರಿಂದ ಈ ಹುಣ್ಣಿನ ನಷ್ಟ ನೇರವಾಗಿ ಅವನ ಜೇಬಿಗೆ ತಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ರಕ್ತಭೇದಿ. ಐಮೀರಿಯಾ ಎಂಬ ಏಕಕೋಶ ಜೀವಿ ತರುವ ಕಾಕ್ಸಿಡಿಯೋಸಿಸ್ ಇದು. ರೋಗದ ಕೋಳಿಯ ಹಿಕ್ಕೆಯಲ್ಲಿ ಹೊರಬೀಳುವ ಕೋಶಗಳು ಕೂಡಲೇ ಸೋಂಕು ತರಲಾರವು. ಹದವಾದ ತೇವ, 25–30 ಡಿಗ್ರಿ ಕಾವು ಸಿಕ್ಕರೆ ಒಂದೆರಡು ದಿನದಲ್ಲಿ ಮಾಗಿ ಅಪಾಯಕಾರಿಯಾಗುತ್ತವೆ. ಒಣ ಹೊಟ್ಟಿನಲ್ಲಿ ಅವು ಮಾಗುವುದೇ ಕಷ್ಟ. ಹಾಗಾಗಿ ಒದ್ದೆ ಜಾಗದ ಹೊಟ್ಟನ್ನು ಅದೇ ದಿನ ತೆಗೆದರೆ ರೋಗದ ಸರಪಳಿಯ ಒಂದು ಕೊಂಡಿಯನ್ನು ಔಷಧವಿಲ್ಲದೆ ಕತ್ತರಿಸಿದಂತಾಯಿತು.

ಗಿರಣಿಯಿಂದ ಶೆಡ್ಡಿಗೆ

ಕಬಿನಿ, ವರುಣಾ ನಾಲೆಗಳ ಬಯಲಿನಲ್ಲಿ ಡಿಸೆಂಬರ್–ಜನವರಿಗೆ ಭತ್ತದ ಕೊಯ್ಲು. ಅಲ್ಲಿಂದ ಮುಂದೆ ನರಸೀಪುರ, ನಂಜನಗೂಡಿನ ಕಡೆಯ ಅಕ್ಕಿ ಗಿರಣಿಗಳ ಹಿಂದೆ ಹೊಟ್ಟಿನ ಗುಡ್ಡೆ ಬೀಳುತ್ತದೆ. ಭತ್ತದ ತೂಕದಲ್ಲಿ ಐದನೇ ಒಂದು ಪಾಲು ಹೊಟ್ಟು. ಸಾವಿರ ಚದರಡಿ ಶೆಡ್ಡಿಗೆ ಎರಡಿಂಚು ದಪ್ಪ ಹಾಸಲು ಅರ್ಧ ಟನ್‌ನಷ್ಟು ಬೇಕು. ಎರಡೂವರೆ ಟನ್ ಭತ್ತ ಕುಟ್ಟಿದರೆ ಬರುವಷ್ಟು.

ಹೊಟ್ಟಿಗೆ ಒಂದು ಗುಣ, ಒಂದು ದೋಷ. ಅದರಲ್ಲಿ ಸಿಲಿಕಾ ಧಾರಾಳವಾಗಿರುವುದರಿಂದ ಬೇಗ ಕೊಳೆಯದು, ನಡುವೆ ಗಾಳಿ ಆಡುತ್ತದೆ, ಚೆನ್ನಾಗಿ ಉದುರುತ್ತದೆ, ಬೇಗ ಒಣಗುತ್ತದೆ. ಆದರೆ ಅದೇ ಕಾರಣಕ್ಕೆ ನೀರು ಹೀರುವುದರಲ್ಲಿ ಹಿಂದೆ. ತೆಂಗಿನ ನಾರಿನ ಪುಡಿ ಇದಕ್ಕೆ ತದ್ವಿರುದ್ಧ: ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ, ಒಣಗಲು ಮಾತ್ರ ತಡ. ಮಳೆಗಾಲದಲ್ಲಿ ನೀರಿನ ಸಾಲಿನಡಿ ಒಣ ನಾರಿನ ಪುಡಿ ಬೆರೆಸಿ, ಉಳಿದ ಕಡೆ ಹೊಟ್ಟು ಇಟ್ಟರೆ ಎರಡರ ಗುಣವೂ ಸಿಗುತ್ತದೆ. ಸಾಮಿಲ್ಲಿನ ಮರದ ಹೊಟ್ಟು ಚೆನ್ನಾಗಿಯೇ ಹೀರುತ್ತದೆ, ಆದರೆ ತೀರ ನುಣ್ಣಗಿದ್ದರೆ ಮರಿಗಳು ಮೇವೆಂದು ಕುಕ್ಕುತ್ತವೆ. ಔಷಧ ಹೊಡೆದ ಮರದ್ದಾದರೆ ಬೇಡವೇ ಬೇಡ. ಕಡಲೆಕಾಯಿ ಸಿಪ್ಪೆಗೆ ಬೂಷ್ಟು ಬೇಗ ಹಿಡಿಯುತ್ತದೆ. ಭತ್ತದ ಹುಲ್ಲನ್ನು ಕತ್ತರಿಸದೆ ಹಾಸಿದರೆ ಚಾಪೆಯಂತೆ ಹೆಣೆದುಕೊಂಡು ಅಡಿಯಲ್ಲಿ ಕೊಳೆಯುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮರಳು ಹಾಸಿ ನೋಡಿ ಒಳ್ಳೆಯ ಫಲ ಕಂಡಿದ್ದಾರೆ. ತಲಕಾಡಿನ ಮರಳುದಿಬ್ಬಗಳು ಪಕ್ಕದ ತಾಲ್ಲೂಕಿನಲ್ಲೇ ಇದ್ದರೂ ಇಂದಿನ ಮರಳಿನ ದರದಲ್ಲಿ ಕೋಳಿಗೆ ಅದನ್ನು ಹಾಸುವ ಮಾತು ನಮ್ಮ ರೈತರಿಗೆ ಹಿಡಿಸಲಿಕ್ಕಿಲ್ಲ.

ಹೊಟ್ಟು ಕೊಳ್ಳುವ ಕಾಲವೂ ಮುಖ್ಯ. ಗಿರಣಿಗಳು ಭರದಿಂದ ಓಡುವ ಫೆಬ್ರುವರಿ, ಮಾರ್ಚಿನಲ್ಲಿ ಒಣ ಹೊಟ್ಟು ಸುಲಭವಾಗಿ ಸಿಗುತ್ತದೆ. ಮಳೆ ಹಿಡಿದ ಮೇಲೆ ಬಯಲಲ್ಲಿ ನೆನೆದ ಗುಡ್ಡೆಯನ್ನೇ ತುಂಬಿ ತರಬೇಕಾಗುತ್ತದೆ. ಇಟ್ಟಿಗೆ ಗೂಡು, ಬಾಯ್ಲರುಗಳೂ ಅದೇ ಹೊಟ್ಟಿಗೆ ಗಿರಾಕಿಗಳು. ನೆನೆದು ಬೂಷ್ಟು ಹಿಡಿದ ಹೊಟ್ಟು ಮರಿಗಳಿಗೆ ನೇರ ವಿಷವಿದ್ದಂತೆ. ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಣ ಉಸಿರಿನಲ್ಲಿ ಹೋಗಿ ಶ್ವಾಸಕೋಶದಲ್ಲಿ ಗಂಟು ಕಟ್ಟುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತ ವಾರದ ಮರಿಗಳು ಸಾಯುತ್ತವೆ. ಇದಕ್ಕೆ ನೆಚ್ಚಬಹುದಾದ ಚಿಕಿತ್ಸೆ ಇಲ್ಲ.

ತಿರುವುವ ಕೈ

ಮರಿ ಬಿಟ್ಟ ಎರಡನೇ ವಾರದಿಂದ ಹೊಟ್ಟು ತಿರುವಬೇಕು. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಸಾಕಾದರೆ ಮಳೆಗಾಲದಲ್ಲಿ ದಿನ ಬಿಟ್ಟು ದಿನ, ಕೊನೆಯ ವಾರಗಳಲ್ಲಿ ದಿನವೂ. ಹೆಪ್ಪುಗಟ್ಟಿದ್ದನ್ನು ಪುಡಿ ಮಾಡಿ ಮತ್ತೆ ಹರಡುವುದಕ್ಕಿಂತ ಎತ್ತಿ ಹೊರಹಾಕಿ ಆ ಜಾಗಕ್ಕೆ ಹೊಸ ಒಣ ಹೊಟ್ಟು ಸುರಿಯುವುದು ಲೇಸು. ತಿರುವಿದಾಗ ಸೇರಿಕೊಂಡಿದ್ದ ಅಮೋನಿಯಾ ಒಮ್ಮೆಗೇ ಏಳುತ್ತದೆ, ಆದ್ದರಿಂದ ಪರದೆ ಇಳಿಸಿ, ಹೊರಗೆ ಗಾಳಿ ಬಿಸಿಲು ಇರುವ ಹಗಲು ಹೊತ್ತಿನಲ್ಲಿ ಮಾಡಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ತಿರುವುವವರ ಶ್ವಾಸಕೋಶಕ್ಕೂ ಒಳ್ಳೆಯದು.

ಸುಣ್ಣದ ವಿಚಾರದಲ್ಲಿ ಒಂದು ಎಚ್ಚರ. ನೀರು ಹೀರಲೆಂದು, ರೋಗಾಣು ಸಾಯಲೆಂದು ಒದ್ದೆ ಹೊಟ್ಟಿಗೆ ಸುಣ್ಣದ ಪುಡಿ ಎರಚುವುದು ಎಲ್ಲೆಡೆ ರೂಢಿ. ಸುಣ್ಣ ಕ್ಷಾರ. ಹಿಕ್ಕೆ ತುಂಬಿದ ಹಳೆ ಹಾಸಿಗೆ ಬಿದ್ದರೆ ಅಲ್ಲಿ ಕರಗಿಕೊಂಡಿದ್ದ ಅಮೋನಿಯಂ ಅನಿಲವಾಗಿ ಹೊರಬಿದ್ದು ಘಾಟು ಹೆಚ್ಚುತ್ತದೆ. ಕೋಳಿ ಇಲ್ಲದಾಗ, ಬ್ಯಾಚಿನ ನಡುವೆ ತೊಳೆದು ಒಣಗಿಸಿದ ನೆಲಕ್ಕೆ ಸುಣ್ಣ ಬಳಿಯುವುದು ಅತ್ಯುತ್ತಮ. ಕೋಳಿ ಇದ್ದಾಗ ಅಮೋನಿಯಾ ಹಿಡಿದಿಡಲು ಆಮ್ಲ ಗುಣದ ಸೂಪರ್ ಫಾಸ್ಫೇಟ್ ಹೆಚ್ಚು ಉಪಯುಕ್ತ. ಅದನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಹಾಕಿ ಚೆನ್ನಾಗಿ ಬೆರೆಸಬೇಕು.

ಎಷ್ಟು ತಿರುವಿದರೂ ನೀರಿನ ಸಾಲು ಸೋರುತ್ತಿದ್ದರೆ ಪ್ರಯೋಜನವಿಲ್ಲ. ನಿಪ್ಪಲ್ಲನ್ನು ಕೋಳಿ ಕತ್ತು ಮೇಲೆತ್ತಿ ಕುಡಿಯುವ ಎತ್ತರಕ್ಕೆ, ಬೆಲ್ ಡ್ರಿಂಕರಿನ ಅಂಚನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಪ್ರತಿ ನಾಲ್ಕೈದು ದಿನಕ್ಕೆ ಏರಿಸುತ್ತ ಹೋಗಬೇಕು. ಇದ್ದಕ್ಕಿದ್ದಂತೆ ಇಡೀ ಶೆಡ್ಡು ಒದ್ದೆಯಾದರೆ ಹಾಸನ್ನು ಬಿಟ್ಟು ಮೇವನ್ನು ನೋಡಬೇಕು: ಉಪ್ಪು ಹೆಚ್ಚಾದ ಫೀಡ್ ತಿಂದ ಕೋಳಿ ನೀರು ಹೆಚ್ಚು ಕುಡಿದು ತೆಳ್ಳಗೆ ಹಿಕ್ಕೆ ಹಾಕುತ್ತದೆ.

ಕ್ಯಾಲೆಂಡರು ಕೂಡ ಕಾಟ ಕೊಡುತ್ತದೆ. ಶ್ರಾವಣದಲ್ಲಿ ಮಾಂಸ ಬಿಡುವವರು ಹೆಚ್ಚು, ಬೇಡಿಕೆ ಇಳಿದು ಕಂಪನಿ ಕೋಳಿ ಎತ್ತುವುದು ತಡವಾದರೆ ಬಲಿತ ಕೋಳಿಗಳು ಅದೇ ಹಾಸಿನ ಮೇಲೆ ಇನ್ನೂ ಕೆಲವು ದಿನ ಉಳಿಯುತ್ತವೆ. ಹಿರಿಯರ ಹಬ್ಬವಾದ ಮಾರ್ಲಾಮಿಗೆ ಬೇಡಿಕೆ ಏರುವ ಹೊತ್ತಿಗೆ ಹಿಂಗಾರು ಶುರು. ಮಳೆಗಾಲದ ಬ್ಯಾಚಿಗೆ ಹತ್ತರಲ್ಲಿ ಒಂದು ಪಾಲು ಮರಿ ಕಡಿಮೆ ಬಿಡಿಸಿಕೊಂಡರೆ ಹಾಸಿನ ಹೊರೆಯೂ ಅಷ್ಟೇ ಇಳಿಯುತ್ತದೆ.

ಹಿತ್ತಲ ಕೋಳಿ, ಒಲೆಬೂದಿ

ಹತ್ತಿಪ್ಪತ್ತು ನಾಟಿ ಕೋಳಿ ಸಾಕುವ ಮನೆಗೆ ಈ ಲೆಕ್ಕಗಳೆಲ್ಲ ಇಷ್ಟು ಬಿಗಿಯಾಗಿಲ್ಲ. ಹಗಲಿಡೀ ತಿಪ್ಪೆ ಕೆದಕಿ ಸಂಜೆ ಗೂಡು ಸೇರುವ, ಇಲ್ಲವೇ ಮಂಕರಿಯಡಿ ಮಲಗುವ ಕೋಳಿಯ ಹಿಕ್ಕೆಯ ಬಹುಪಾಲು ಬಯಲಿಗೇ ಬೀಳುತ್ತದೆ. ಗೂಡಿನ ನೆಲಕ್ಕೆ ಒಲೆಬೂದಿ ಹರಡಿ ಬೆಳಿಗ್ಗೆ ಗುಡಿಸುವುದು ಅಜ್ಜಿಯಂದಿರ ಕ್ರಮ. ಬೂದಿ ತೇವ ಹೀರುತ್ತದೆ. ಒಣಬೂದಿಯಲ್ಲಿ ಹೊರಳಾಡಿದ ಕೋಳಿಗೆ ಹೇನಿನ ಕಾಟವೂ ಕಡಿಮೆ. ಗ್ಯಾಸ್ ಒಲೆ ಬಂದ ಮೇಲೆ ಬೂದಿಯೂ ಅಪರೂಪವಾಗಿ ಆ ಜಾಗಕ್ಕೆ ಹೊಟ್ಟು ಬಂದಿದೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ರೂಪಿಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳು ಹಿತ್ತಲಿಗೆ ಬಂದ ಮೇಲೆ ಜಾಲರಿ ಕಟ್ಟಿ ಕೂಡಿಹಾಕುವುದು ಹೆಚ್ಚಾಗಿದೆ. ಕೂಡಿಹಾಕಿದ ಅಂಗಳದ ಹುಲ್ಲು ತಿಂಗಳಲ್ಲಿ ಮಾಯ, ಮೊದಲ ಮಳೆಗೆ ಕೆಸರು. ಕೆಸರಿನಲ್ಲಿ ಜಂತುಹುಳುವಿನ ಮೊಟ್ಟೆಗಳು ಹುಲುಸಾಗಿ ಉಳಿಯುತ್ತವೆ. ಇಲ್ಲಿ ಹೊಟ್ಟು ಹಾಕಿದರೆ ಮಣ್ಣಿನಲ್ಲಿ ಕಲೆತುಹೋಗುತ್ತದೆ. ಒರಟು ಸಾಮಗ್ರಿ ಬೇಕು: ತುಂಡು ಮಾಡಿದ ತೆಂಗಿನ ಮಟ್ಟೆ, ಕಬ್ಬಿನ ಸೋಗೆ, ಮರದ ಚಕ್ಕೆ. ನಾಲ್ಕಾರು ಇಂಚು ದಪ್ಪ ಹಾಸಿದರೆ ನೀರು ಕೆಳಗಿಳಿದು ಮೇಲ್ಭಾಗ ಕಾಲಿಡುವಂತಿರುತ್ತದೆ. ಅದಕ್ಕೂ ಮೊದಲು ಮೇಲಿನ ಇಳಿಜಾರಿನ ಕಡೆ ಒಂದು ಬಸಿಗಾಲುವೆ, ಹೆಂಚಿನ ಸೂರಿಗೆ ಒಂದು ದೋಣಿ. ಅಂಗಳವನ್ನು ಎರಡು ಪಾಲು ಮಾಡಿ ತಿಂಗಳಿಗೊಂದರಂತೆ ಬಿಟ್ಟರೆ ಇನ್ನೂ ಮೇಲು.

ಹಳೆ ಹಾಸಿನ ಬೆಲೆ

ಹಾಸು ಕೇವಲ ಕಸವಲ್ಲವೆಂದು ಜಗತ್ತಿಗೆ ತೋರಿಸಿದ್ದು 1940ರ ದಶಕದಲ್ಲಿ ಅಮೆರಿಕದ ಒಹಾಯೊ ಕೃಷಿ ಪ್ರಯೋಗ ಕೇಂದ್ರ. ಅಲ್ಲಿನ ಕೆನ್ನಾರ್ಡ್ ಮತ್ತು ಚೇಂಬರ್ಲಿನ್, ಹಳೆ ಹಾಸನ್ನು ತೆಗೆಯದೆ ಮೇಲೆ ಮೇಲೆ ಹೊಸದು ಹಾಕುತ್ತ ಹೋದಾಗ ಕೋಳಿಗಳು ಇನ್ನೂ ಚೆನ್ನಾಗಿ ಬೆಳೆದದ್ದನ್ನು ದಾಖಲಿಸಿದರು. ಹಾಸಿನ ಸೂಕ್ಷ್ಮಜೀವಿಗಳು ಬಿ12 ಜೀವಸತ್ವ ತಯಾರಿಸುತ್ತಿದ್ದವು, ಕೋಳಿಗಳು ಕೆದಕಿ ತಿನ್ನುತ್ತಿದ್ದವು. ಆ ಜೀವಸತ್ವವನ್ನು ಬೇರ್ಪಡಿಸಿದ್ದು 1948ರಲ್ಲಿ. ನಮ್ಮ ಮಲೆನಾಡಿನ ಕೊಟ್ಟಿಗೆಯಲ್ಲಿ ಸೊಪ್ಪು, ತರಗೆಲೆಯನ್ನು ದಿನವೂ ಮೇಲೆ ಹಾಸುತ್ತ ಗೊಬ್ಬರ ಮಾಡುವ ಪದ್ಧತಿಯಲ್ಲೂ ಇದೇ ಜಾಣ್ಮೆ ಇದೆ. ಮೊಟ್ಟೆ ಕೋಳಿಗೆ ಆಳ ಹಾಸಿನ ಪದ್ಧತಿ ಇಂದಿಗೂ ನಡೆಯುತ್ತದೆ. ಹಾಸು ಒಣಗಿರಬೇಕೆಂಬ ಒಂದೇ ಷರತ್ತು.

ಗೊಬ್ಬರವಾಗಿ ಈ ಹಾಸಿನಲ್ಲಿ ನೂರಕ್ಕೆ ಸುಮಾರು 3ರಷ್ಟು ಸಾರಜನಕ, 2ರಷ್ಟು ರಂಜಕ, 2ರಷ್ಟು ಪೊಟ್ಯಾಷ್ ಇರುತ್ತದೆ; ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧದಷ್ಟು ಮಾತ್ರ. ಮೈಸೂರು ಜಿಲ್ಲೆಯ ಶುಂಠಿ ಬೆಳೆಗಾರರು, ನಂಜನಗೂಡು, ಚಾಮರಾಜನಗರ ಕಡೆಯ ಬಾಳೆ, ಅರಿಸಿನದವರು ಇದನ್ನು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಕೊಳ್ಳುತ್ತಾರೆ. ಇಲ್ಲೂ ಒದ್ದೆಯೇ ಬೆಲೆ ನಿರ್ಧರಿಸುತ್ತದೆ. ಅಮೋನಿಯಾ ಆಗಿ ಹಾರಿಹೋದದ್ದು ಗೊಬ್ಬರದಲ್ಲಿ ಇರಬೇಕಾದ ಸಾರಜನಕವೇ. ಒದ್ದೆ ಲೋಡಿನಲ್ಲಿ ಗಿರಾಕಿ ಹೊತ್ತೊಯ್ಯುವುದು ನೀರನ್ನು. ಹಸಿಯಾಗಿ ಬುಡಕ್ಕೆ ಹಾಕಿದರೆ ಬೇರು ಸುಡುವುದರಿಂದ ಗುಡ್ಡೆ ಹಾಕಿ, ಮುಚ್ಚಿ, ಕಳಿಯಲು ಬಿಟ್ಟು ಬಳಸಬೇಕು.

ಗೊಬ್ಬರ ಸಾಗಿಸುವಾಗ ರೋಗವೂ ಸಾಗಬಾರದು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಾಗ ಸುತ್ತಮುತ್ತಲ ಕೋಳಿಗಳನ್ನು ಕೊಲ್ಲಬೇಕಾಯಿತು. ಹಕ್ಕಿಜ್ವರದ ವೈರಾಣು ತಂಪಾದ, ಹಸಿ ಹಿಕ್ಕೆಯಲ್ಲಿ ಹೆಚ್ಚು ದಿನ ಬದುಕುತ್ತದೆ. ಒಂದು ಶೆಡ್ಡಿನ ಗೊಬ್ಬರ ತುಂಬಿದ ಟ್ರ್ಯಾಕ್ಟರು ತೊಳೆಯದೆ ಇನ್ನೊಂದು ಶೆಡ್ಡಿನ ಬಾಗಿಲಿಗೆ ಹೋಗಬಾರದು.

ಈ ಕೆಲಸಗಳಲ್ಲಿ ಒಂದಕ್ಕೂ ದುಬಾರಿ ಯಂತ್ರ ಬೇಕಿಲ್ಲ. ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ನಂಜನಗೂಡು ತಾಲ್ಲೂಕಿನಲ್ಲೇ ಇದೆ, ತಾಲ್ಲೂಕು ಪಶು ಆಸ್ಪತ್ರೆಯಲ್ಲೂ ಸಲಹೆ ಸಿಗುತ್ತದೆ. ಹೊಸದಾಗಿ ಶೆಡ್ಡು ಕಟ್ಟುವವರು ಅದನ್ನು ಪೂರ್ವ–ಪಶ್ಚಿಮವಾಗಿ ಉದ್ದಕ್ಕೆ ಇರಿಸಿ, ನೆಲವನ್ನು ಸುತ್ತಲ ಮಟ್ಟಕ್ಕಿಂತ ಒಂದರಿಂದ ಒಂದೂವರೆ ಅಡಿ ಎತ್ತರಿಸಿ, ಸೂರನ್ನು ಮೂರ್ನಾಲ್ಕು ಅಡಿ ಮುಂಚಾಚಿಸಲಿ. ಶೆಡ್ಡು ಇರುವವರು ಮೇ ಮಳೆಗೆ ಮುಂಚೆ ಶೀಟಿನ ತೂತು ಮುಚ್ಚಿಸಿ, ನಿಪ್ಪಲ್ ಸಾಲು ಪರೀಕ್ಷಿಸಿ, ಎರಡು ಬ್ಯಾಚಿಗೆ ಆಗುವಷ್ಟು ಒಣ ಹೊಟ್ಟನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಪೇರಿಸಿ ಟಾರ್ಪಾಲು ಹೊದಿಸಿಡಲಿ.